ಉಜ್ಜಿದ ಗೋಡೆ

ಜೂನ್ ೯

ಬುಗುರಿ,

ಕ್ಷೇಮಸಮಾಚಾರ ಕೊನೆಯಲ್ಲಿ, ಮೊದಲು ಜಗಳ. ಮಾರ್ಚ್ ತಿಂಗಳಲ್ಲಿ ಕಳಿಸಿದ ಚಿತ್ರಗಳಿಗೆ ನಿನ್ನಿಂದ ಒಂದು ಸಾಲಿನ ಉತ್ತರವಿಲ್ಲ. ನಿನ್ನ ಹೆಂಡತಿಯ ಕಾಗದ ಮಾತ್ರ ಬಂತು. ಅದರಲ್ಲಿ ನಿನ್ನ ದವಡೆಹಲ್ಲಿನ ವರದಿ ಎರಡು ಪುಟ. ನಿನ್ನ ಭಾವ ಹಲ್ಲಿನ ಡಾಕ್ಟರಲ್ಲವೇ, ಪತ್ತೇದಾರಿ ಕಾದಂಬರಿ ಓದಿದ ಹಾಗೆ ಓದಿದರು. ನನಗೆ ಬೇಕಿದ್ದದ್ದು ನಿನ್ನ ಹಲ್ಲಲ್ಲ ಕಣೋ, ನಿನ್ನ ಲೆಕ್ಕ.

ಚಿತ್ರಗಳು ಕಳೆದುಹೋಗಿದ್ದರೆ ಇರಲಿ ಎಂದು ಇನ್ನೊಮ್ಮೆ ಹೇಳುತ್ತೇನೆ. ನನ್ನ ಕೊಳವೆ ನಿನಗೆ ಗೊತ್ತಿರುವುದೇ. ಅಡ್ಡ ಮಲಗಿಸಿದ ಉಕ್ಕಿನ ದೊಡ್ಡ ಪೀಪಾಯಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಚೂರೇ ಚೂರು ಅನಿಲ ಬಿಟ್ಟಿರುತ್ತೇವೆ. ಒಂದು ತುದಿಯಲ್ಲಿ ಪ್ಲಾಸ್ಮಾ ಉಗುಳುವ ಎರಡು ಮೂತಿಗಳು, ಇನ್ನೊಂದು ತುದಿಯಲ್ಲಿ ತಾಮ್ರದ ತಟ್ಟೆ. ಕೆಪಾಸಿಟರುಗಳನ್ನು ಸಿಡಿಸಿದಾಗ ವಿದ್ಯುತ್ತು ಒಂದು ಮೂತಿಯಿಂದ ಉರಿಯುವ ಎಳೆಯಾಗಿ ಹೊರಟು ತಟ್ಟೆ ಮುಟ್ಟುತ್ತದೆ, ಇನ್ನೊಂದು ಎಳೆಯಾಗಿ ವಾಪಸು ಬರುತ್ತದೆ. ಒಂದೊಂದು ಸಿಡಿತಕ್ಕೆ ನಾವು ಶಾಟ್ ಎನ್ನುತ್ತೇವೆ. ಹೋಗುವ ಎಳೆ, ಬರುವ ಎಳೆ, ಎರಡೂ ನೇರಳೆ ಬಣ್ಣ, ಪಕ್ಕಪಕ್ಕದಲ್ಲೇ. ಎದುರುಬದುರು ಹರಿಯುವ ಪ್ರವಾಹಗಳು ಒಂದನ್ನೊಂದು ದೂರ ತಳ್ಳಬೇಕೆಂದು ಶಾಲೆಯ ಪುಸ್ತಕದಲ್ಲೇ ಇದೆ. ನನ್ನ ಎಳೆಗಳು ಆ ಪುಸ್ತಕ ಓದಿಲ್ಲ. ಮೊದಲು ದೂರ ಸರಿಯುತ್ತವೆ, ಆಮೇಲೆ ಇದ್ದಕ್ಕಿದ್ದಂತೆ ಬಂದು ಅಪ್ಪಳಿಸಿಕೊಳ್ಳುತ್ತವೆ. ಒಂದರ ಕಾಂತರೇಖೆ ಕಡಿದು ಇನ್ನೊಂದರ ಜೊತೆ ಬೆಸೆದುಕೊಳ್ಳುತ್ತದೆ, ಅನಿಲ ಕಾದು ಎರಡೂ ಬದಿಗೆ ಚಿಮ್ಮುತ್ತದೆ. ಅಪ್ಪಟ ಮರುಬೆಸುಗೆ. ಸೂರ್ಯನ ಮೈಮೇಲೆ ಜ್ವಾಲೆ ಏಳುವಾಗ ಆಗುವುದೂ ಇದೇ ಎಂದು ನೀನೇ ನನಗೆ ಪಾಠ ಹೇಳಿದ್ದೆ.

ಈಗ ಅಸಲು ಸಂಗತಿ. ನಮ್ಮ ಸಂಸ್ಥೆಯ ನಿರ್ದೇಶಕರಿಗೆ ಕೊಳವೆ ಇರುವ ನನ್ನ ಹಾಲ್ ಬೇಕಂತೆ, ಹೊಸ ಯಂತ್ರಕ್ಕೆ. ಅಕ್ಟೋಬರ್ ಕೊನೆಗೆ ಸಮಿತಿ ಬಂದು ನೋಡುತ್ತದೆ. ಅಷ್ಟರಲ್ಲಿ ನಿನ್ನ ಹಾಗೆ ಲೆಕ್ಕ ಮಾಡುವ ಸಿದ್ಧಾಂತಿಯೊಬ್ಬರ ಸಹಿ ಇರುವ ಲೇಖನ ಕೈಯಲ್ಲಿದ್ದರೆ ಕೊಳವೆ ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ. ಅದರ ಒಂದೊಂದು ಬೋಲ್ಟನ್ನೂ ನಾನೇ ಕೂಡಿಸಿದ್ದು ಎಂದು ನಿನಗೆ ಗೊತ್ತು. ಈ ವಯಸ್ಸಿನಲ್ಲಿ ಇನ್ನೊಂದು ಕಟ್ಟುವ ತಾಕತ್ತು ನನಗಿಲ್ಲ. ಲೆಕ್ಕ ಮಾಡು, ಸಹಿ ಹಾಕು, ಕಳಿಸು.

ಕ್ಷೇಮ: ಇದ್ದೇವೆ.

ಅಕ್ಕ


ಜೂನ್ ೨೬

ಅಕ್ಕ,

ಹಲ್ಲು ಕೀಳಿಸಿದ್ದಾಯಿತು. ಭಾವನಿಗೆ ತಿಳಿಸು. ‘ಸರಿಯಾಗಿ ಕಿತ್ತಿರಲ್ಲ ಬಿಡು’ ಅನ್ನುತ್ತಾರೆ, ಗೊತ್ತು.

ಚಿತ್ರಗಳು ಬಂದಿವೆ. ಉತ್ತರ ಬರೆಯದೆ ಇದ್ದದ್ದು ನಿನಗೆ ಬೇಜಾರಾಗಬಾರದೆಂದು. ನೀನು ಬಿಡಲಿಲ್ಲ, ಆದ್ದರಿಂದ ಕೇಳು. ಎಷ್ಟು ಸಲ ಲೆಕ್ಕ ಓಡಿಸಿದರೂ ನನ್ನ ಎಳೆಗಳು ದೂರ ದೂರ ಹೋಗುತ್ತವೆ, ಮತ್ತೆ ಮುಖ ತಿರುಗಿಸಿ ನೋಡುವುದಿಲ್ಲ. ಎದುರುಬದುರು ಹರಿಯುವ ಪ್ರವಾಹಗಳ ನಡುವೆ ಎರಡರ ಕಾಂತರೇಖೆಗಳೂ ಒಂದೇ ದಿಕ್ಕಿಗೆ ಇರುತ್ತವೆ. ಮರುಬೆಸುಗೆಗೆ ಬೇಕಾದದ್ದು ವಿರುದ್ಧ ದಿಕ್ಕಿನ ರೇಖೆಗಳು. ಅವು ಸಿಗುವುದು ಒಂದೇ ಕಡೆಗೆ ಹರಿಯುವ ಪ್ರವಾಹಗಳ ನಡುವೆ. ಅಂದರೆ ನಿನ್ನ ಎರಡೂ ಎಳೆ ಒಂದೇ ಕಡೆಗೆ ಹರಿಯುತ್ತಿವೆ. ಅಂದರೆ ಎಲ್ಲೋ ತಂತಿ ಅದಲುಬದಲಾಗಿದೆ.

ಸಿಟ್ಟು ಮಾಡಿಕೊಳ್ಳಬೇಡ. ಚಿಕ್ಕವಳಿದ್ದಾಗ ಮನೆಗೆ ಕರೆಗಂಟೆ ಹಾಕಿಕೊಟ್ಟೆಯಲ್ಲ, ಯಾರಾದರೂ ಗುಂಡಿ ಒತ್ತಿದರೆ ಬಚ್ಚಲುಮನೆಯ ದೀಪ ಹತ್ತುತ್ತಿತ್ತು. ಸ್ನಾನಕ್ಕೆ ಇಳಿದವರು ಕಿರುಚಿದರೆ ಬಾಗಿಲಿಗೆ ಯಾರೋ ಬಂದಿದ್ದಾರೆ ಎಂದು ನಮಗೆ ತಿಳಿಯುತ್ತಿತ್ತು. ಒಮ್ಮೆ ತಂತಿಗಳನ್ನು ನೋಡಿಬಿಡು.

ತಪ್ಪು ಲೇಖನಕ್ಕೆ ನಾನು ಸಹಿ ಹಾಕಲಾರೆ. ಹಾಕಿದರೆ ನಿನಗೇ ಕೆಟ್ಟದ್ದು.

ಬುಗುರಿ


ಜುಲೈ ೧೧

ಬುಗುರಿ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಿಬ್ಬರಲ್ಲಿ ಕುಣಿಯುತ್ತಿರುವವಳು ನಾನು. ಕುರ್ಚಿಯಲ್ಲಿ ಕೂತು ನೆಲ ಡೊಂಕೆನ್ನುತ್ತಿರುವವನು ನೀನು. ಕರೆಗಂಟೆ ಹಾಕಿದಾಗ ನನಗೆ ಹನ್ನೆರಡು ವರ್ಷ, ತಂತಿ ಹಿಡಿದುಕೊಂಡಿರು ಎಂದು ನಿನಗೆ ಕೊಟ್ಟಿದ್ದೆ, ನೀನು ಬೆಕ್ಕಿನ ಹಿಂದೆ ಓಡಿದೆ. ಅಷ್ಟು ಹೇಳಿದ ಮೇಲೆ ಪೂರ್ತಿ ಹೇಳು.

ತಂತಿ ನೋಡಿದೆ. ನಮ್ಮ ಹಾಲ್‌ನ ವೆಲ್ಡರ್ ನೋಡಿದ. ನಿನ್ನ ಭಾವನನ್ನೂ ಕರೆದುಕೊಂಡು ಹೋಗಿ ತೋರಿಸಿದೆ, ಏಕೆಂದರೆ ಅವರಿಗೆ ಏನೂ ಗೊತ್ತಿಲ್ಲ, ಗೊತ್ತಿಲ್ಲದವರು ಎಣಿಸಿದರೆ ಮೋಸವಿರುವುದಿಲ್ಲ. “ಕೆಂಪು ಇಲ್ಲಿ, ಕಪ್ಪು ಅಲ್ಲಿ. ಇಷ್ಟಕ್ಕೆ ನನ್ನ ಕ್ಲಿನಿಕ್ ಮುಚ್ಚಿಸಿದ್ಯಾ?” ಎಂದರು. ನಿನ್ನ ಸಮಾಧಾನಕ್ಕೆಂದು ತಂತಿಗಳನ್ನು ಬೇಕೆಂದೇ ಬದಲಿಸಿ, ಎರಡೂ ಎಳೆ ಒಂದೇ ಕಡೆ ಹರಿಯುವ ಹಾಗೆಯೂ ಓಡಿಸಿದೆ. ಆಗ ಹಳೇ ಗೆಳತಿಯರ ಹಾಗೆ ಮೆಲ್ಲಗೆ ಬಂದು ಸೇರುತ್ತವೆ. ಎದುರುಬದುರಾದಾಗ ಸೇರುವ ರೀತಿಯೇ ಬೇರೆ, ತಡವಾಗಿ, ರಭಸವಾಗಿ, ಕೊಳವೆಯ ಗೋಡೆಗೂ ಒದ್ದು. ಎರಡೂ ಬೇರೆ ಎಂದ ಮೇಲೆ ತಂತಿ ಅದಲುಬದಲಾಗಿದೆ ಎನ್ನುವ ನಿನ್ನ ಮಾತು ಬಿತ್ತು.

ಒದೆತದ ಗುರುತು ಗೋಡೆಯ ಮೇಲೆ ಕಪ್ಪಗೆ ಉಳಿಯುತ್ತದೆ, ಅದೊಂದು ಬೇರೆ ತಲೆನೋವು. ಕೊಳವೆ ತೆರೆದಾಗಲೆಲ್ಲ ಒಳಗೋಡೆ ಉಜ್ಜಿ, ಒರೆಸಿ ಆಮೇಲೇ ಮುಚ್ಚಬೇಕೆಂಬುದು ನಮ್ಮಲ್ಲಿ ನಾನೇ ಮಾಡಿದ ನಿಯಮ. ಕೊಳೆ ಇದ್ದರೆ ನಿರ್ವಾತ ನಿಲ್ಲುವುದಿಲ್ಲ. ವೆಲ್ಡರ್‌ಗೆ ರೋಸಿಹೋಗಿದೆ. “ಮೇಡಂ, ಇದು ಪ್ರಯೋಗ ಮಾಡೋ ಜಾಗನೋ, ಪಾತ್ರೆ ತೊಳೆಯೋ ಜಾಗನೋ?” ಎಂದ. ನಾನೂ ಒಂದು ಬಟ್ಟೆ ತೆಗೆದುಕೊಂಡು ಒಳಗೆ ತೂರಿದೆ.

ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನನಗೆ ಗೊತ್ತು. ನಾಲ್ಕನೆಯದನ್ನು ಹುಡುಕು.

ಅಕ್ಕ


ಆಗಸ್ಟ್ ೨

ಅಕ್ಕ,

ಈಚೆಗೆ ಕೆಲಸ ಹೆಚ್ಚು. ನಾಲ್ಕನೇ ಕಾಲನ್ನು ಹುಡುಕುತ್ತಿದ್ದೇನೆ. ಅದಕ್ಕೆ ಕೆಲವು ವಿವರ ಬೇಕು. ಒಂದೇ ರೀತಿ ಓಡಿಸಿದರೆ ಪ್ರತಿ ಶಾಟ್‌ಗೂ ಒಂದೇ ಉತ್ತರ ಬರುತ್ತದೆಯೇ? ನಿನ್ನ ಅಳತೆಗಳನ್ನು ಬೇರೆ ಯಾರಾದರೂ ಮತ್ತೆ ಮಾಡಿ ನೋಡಿದ್ದಾರೆಯೇ? ಕೊಳವೆ ಇನ್ನೂ ಎಷ್ಟು ವರ್ಷ ಓಡುವ ಸ್ಥಿತಿಯಲ್ಲಿದೆ? ಇದ್ದದ್ದು ಇದ್ದ ಹಾಗೆ ಬರೆ.

ಬುಗುರಿ

ಅತ್ತಿಗೆ, ಕಾಗದ ಅಂಟಿಸುವುದಕ್ಕೆ ನನ್ನ ಕೈಗೆ ಕೊಟ್ಟಿದ್ದಾರೆ, ಅದಕ್ಕೇ ಇಲ್ಲಿ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ಇವರಿಗೆ ಏನಾಗಿದೆಯೋ ಗೊತ್ತಿಲ್ಲ. ನಿಮಗೆ ಬರೆಯುತ್ತಾರೆ, ಹರಿಯುತ್ತಾರೆ, ಮತ್ತೆ ಬರೆಯುತ್ತಾರೆ. “ಹಲ್ಲು ಇನ್ನೂ ನೋಯ್ತಿದ್ಯಾ?” ಎಂದು ಕೇಳಿದರೆ “ಹೂಂ” ಎನ್ನುತ್ತಾರೆ. ಕಿತ್ತ ಹಲ್ಲು ಹೇಗೆ ನೋಯುತ್ತದೆ, ನೀವೇ ಹೇಳಿ.


ಆಗಸ್ಟ್ ೧೯

ನನ್ನ ಬುಗುರಿ,

ನಿನ್ನ ಪ್ರಶ್ನೆಗಳನ್ನು ನೋಡಿ ಎಷ್ಟು ಸಂತೋಷವಾಯಿತು ಎಂದರೆ ಭಾವನ ಮುಂದೆ ಜೋರಾಗಿ ಓದಿದೆ. ಕೊನೆಗೂ ನನ್ನ ಕೊಳವೆಯನ್ನು ಲೆಕ್ಕಕ್ಕೆ ತೆಗೆದುಕೊಂಡೆಯಲ್ಲ! ಭಾವ ಮಾತ್ರ “ಅವನ್ಯಾಕೆ ಇನ್ಸೂರೆನ್ಸ್ ಏಜೆಂಟ್ ಥರ ಕೇಳ್ತಾನೆ?” ಎಂದರು. ಅವರಿಗೆ ಹಲ್ಲು ಬಿಟ್ಟರೆ ಬೇರೆ ಪ್ರಪಂಚವಿಲ್ಲ.

ನೀನು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬೇರೆ ಯಾರಿಗೂ ಇದನ್ನು ಹೇಳಿಲ್ಲ. ಶಾಟ್‌ನಿಂದ ಶಾಟ್‌ಗೆ ಉತ್ತರ ಹೊಂದುವುದಿಲ್ಲ. ಅಪ್ಪಳಿಸುವುದಂತೂ ಖಂಡಿತ, ಆದರೆ ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಬಲಗಡೆಯಿಂದ, ಒಮ್ಮೆ ಕೆಳಗಿನಿಂದ. ನನಗೂ ಅದರಿಂದ ತಲೆ ಚಿಟ್ಟು ಹಿಡಿದಿದೆ. ಗೋಡೆಯ ಕಪ್ಪು ಕೂಡ ಒಂದು ಕಡೆ ಇರುವುದಿಲ್ಲ, ತಟ್ಟೆಯ ಹತ್ತಿರ ಶುರುವಾಗಿ ಕಂಬಕ್ಕೆ ಬಳ್ಳಿ ಹಬ್ಬಿದ ಹಾಗೆ ಸುತ್ತಿಕೊಂಡು ಹೋಗುತ್ತದೆ, ಉಜ್ಜುವವರು ಪೂರ್ತಿ ಒಂದು ಸುತ್ತು ಹೊರಳಬೇಕು. ಅಳತೆಗಳನ್ನು ಮತ್ತೆ ಮಾಡಿ ನೋಡಿದವರು ಯಾರೂ ಇಲ್ಲ, ಇಲ್ಲಿ ನಾನೊಬ್ಬಳೇ. ಕೊಳವೆ ಹಳೆಯದು, ಆದರೆ ಗಟ್ಟಿ, ನಿನ್ನ ಅಕ್ಕನ ಹಾಗೆ.

ಸಹಿಗೆ ಕಾಯುತ್ತಿದ್ದೇನೆ.

ಅಕ್ಕ


ಅಕ್ಟೋಬರ್ ೪

ಮಾನ್ಯ ಪರಿಶೀಲಕರಿಗೆ,

ನಮ್ಮ ನಿರ್ದೇಶಕರು ಇಂದು ನನ್ನನ್ನು ಕೋಣೆಗೆ ಕರೆಸಿ, ಹೊರಗಿನ ತಜ್ಞರೊಬ್ಬರ ಗುಪ್ತ ಅಭಿಪ್ರಾಯವೆಂದು ಒಂದು ಪುಟ ಓದಿ ಹೇಳಿದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ‘ತಂತಿ ಅದಲುಬದಲಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಎಂದು ಇತ್ತು. ಅಷ್ಟೇ ಆಗಿದ್ದರೆ ಲೋಕದಲ್ಲಿ ನಿಮ್ಮಂತಹ ಮೊಂಡರು ಇನ್ನೊಬ್ಬರಿದ್ದಾರೆ ಎಂದುಕೊಳ್ಳುತ್ತಿದ್ದೆ. ಆಮೇಲೆ ‘ಶಾಟ್‌ನಿಂದ ಶಾಟ್‌ಗೆ ಉತ್ತರ ಹೊಂದುವುದಿಲ್ಲವೆಂದು ಪ್ರಯೋಗ ನಡೆಸುವವರೇ ಒಪ್ಪುತ್ತಾರೆ’ ಎಂದು ಬಂತು. ಅದನ್ನು ನಾನು ಈ ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಬರೆದಿದ್ದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ? ನನ್ನ ಗಂಡ ಕಾಗದ ಕೇಳಿ ಏಜೆಂಟ್ ಎಂದಾಗ ನಕ್ಕಿದ್ದೆ. ಈಗ ಅವರು ನಗುತ್ತಿಲ್ಲ, ಅದೇ ನನಗೆ ಹೆಚ್ಚು ಉರಿಯುತ್ತಿದೆ.

ತಾವು ಇನ್ನು ಲೆಕ್ಕ ಮಾಡುವ ತೊಂದರೆ ತೆಗೆದುಕೊಳ್ಳಬೇಡಿ. ಸಮಿತಿ ಇಪ್ಪತ್ತೈದಕ್ಕೆ ಬರುತ್ತದೆ. ಅವರ ಮುಂದೆ ಹೇಗೆ ನಿಲ್ಲಬೇಕೆಂದು ನನಗೆ ಗೊತ್ತು.

ಇತಿ,
ಪ್ರಯೋಗ ನಡೆಸುವವರು


ಅಕ್ಟೋಬರ್ ೧೬

ಅಕ್ಕ,

ಎರಡು ಸಲ ಫೋನ್ ಮಾಡಿದೆ, ನೀನು ನನ್ನ ಹಲೋ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಅದಕ್ಕೇ ಕಾಗದ. ಹರಿಯುವ ಮೊದಲು ದಯವಿಟ್ಟು ಎರಡನೇ ಪುಟದವರೆಗೆ ಓದು, ಅಲ್ಲಿ ನಿನಗೆ ಬೇಕಾದದ್ದಿದೆ.

ಹೌದು, ಅದನ್ನು ಬರೆದವನು ನಾನು. ಜುಲೈ ಕೊನೆಯಲ್ಲಿ ನಿಮ್ಮ ನಿರ್ದೇಶಕರಿಂದ ಪತ್ರ ಬಂತು. ಮದುವೆಯಾದ ಮೇಲೆ ನಿನ್ನ ಹೆಸರಿನ ಬಾಲ ಬದಲಾಗಿದೆಯಲ್ಲ, ನಾವು ಒಡಹುಟ್ಟಿದವರೆಂದು ಅವರಿಗೆ ಗೊತ್ತಾಗಲಿಲ್ಲ. ‘ನಾನು ತಮ್ಮ, ಬೇರೆಯವರನ್ನು ಕೇಳಿ’ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬೇರೆಯವರು ಕೊಳವೆಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ನಾನಾದರೆ ನ್ಯಾಯವಾಗಿ ನೋಡುತ್ತೇನೆ ಎಂದುಕೊಂಡೆ. ನೋಡಲು ಕೂತ ಮೇಲೆ, ಅಕ್ಕನೆಂದು ಸಡಿಲ ಬಿಟ್ಟೆನೇನೋ ಎಂಬ ಭಯಕ್ಕೆ ಇನ್ನೂ ಬಿಗಿದೆ. ನಿನಗೆ ಬರೆದು ಕೇಳಿದೆ, ಕೇಳುವುದು ಯಾಕೆಂದು ಹೇಳಲಿಲ್ಲ. ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ನಾಚಿಕೆಯಾಗುತ್ತಿದೆ.

ಈಗ ನಿನಗೆ ಬೇಕಾದದ್ದು. ನಿನ್ನ ಬೈಗುಳ ಬಂದ ಮೇಲೆ ನಿನ್ನ ಎಲ್ಲ ಕಾಗದಗಳನ್ನೂ ಮೊದಲಿನಿಂದ ಓದಿದೆ. ಆಗಸ್ಟಿನದರಲ್ಲಿ ಗೋಡೆಯ ಕಪ್ಪು ಬಳ್ಳಿಯ ಹಾಗೆ ಸುತ್ತುತ್ತದೆ ಎಂದು ಬರೆದಿದ್ದೀಯ. ಮೊದಲ ಸಲ ಓದಿದಾಗ ಅದು ಪಾತ್ರೆ ತೊಳೆಯುವ ಗೊಣಗಾಟವೆಂದು ಕಣ್ಣು ಹಾಯಿಸಿಬಿಟ್ಟಿದ್ದೆ. ಅಕ್ಕ, ನೇರವಾಗಿರುವ ಎಳೆ ಬಳ್ಳಿಯ ಗುರುತು ಬಿಡುವುದಿಲ್ಲ. ನಿನ್ನ ಎಳೆಗಳು ತಿರುಚಿಕೊಳ್ಳುತ್ತಿವೆ. ಹೆಚ್ಚು ಪ್ರವಾಹ ಹಾಯಿಸಿದರೆ ಪ್ಲಾಸ್ಮಾದ ಎಳೆ ನೆಟ್ಟಗೆ ನಿಲ್ಲದೆ ಸುರುಳಿಯಾಗುತ್ತದೆ, ಕೊಂಕಿನ ಅಸ್ಥಿರತೆ, ನಮಗಿಬ್ಬರಿಗೂ ಗೊತ್ತಿರುವುದೇ. ಸುರುಳಿ ಬೀಸಿಕೊಂಡು ಬಂದು ಇನ್ನೊಂದು ಸುರುಳಿಗೆ ತಗುಲಿದರೆ, ಆ ಜಾಗದಲ್ಲಿ ಅವುಗಳ ಕಾಂತರೇಖೆಗಳು ವಿರುದ್ಧವಾಗಿರಬಹುದು. ಬೇರೆ ಬೇರೆ ಶಾಟ್‌ನಲ್ಲಿ ಬೇರೆ ಬೇರೆ ಕಡೆಯಿಂದ ಬರುವುದೂ ಅದಕ್ಕೇ.

ಹಾಗಾದರೆ ನನ್ನ ಲೆಕ್ಕದಲ್ಲಿ ಯಾಕೆ ಕಾಣಲಿಲ್ಲ? ಇದನ್ನು ನಿನಗೆ ಜೂನ್‌ನಲ್ಲೇ ಹೇಳಬೇಕಿತ್ತು. ನಮ್ಮ ಕಂಪ್ಯೂಟರಿನಲ್ಲಿ ನನಗೆ ಸಿಗುವ ಸಮಯದಲ್ಲಿ ಇಡೀ ಕೊಳವೆಯನ್ನು ಲೆಕ್ಕ ಹಾಕಲು ಆಗುವುದಿಲ್ಲ. ನಾನು ಮಾಡಿದ್ದು ನಟ್ಟನಡುವಿನ ಒಂದು ತೆಳು ಹೋಳಿನ ಲೆಕ್ಕ. ಬ್ರೆಡ್ಡಿನ ಒಂದು ಹೋಳು ನೋಡಿ ಇಡೀ ಬ್ರೆಡ್ಡು ನೆಟ್ಟಗಿದೆ ಎಂದ ಹಾಗೆ. ಹೋಳಿನಲ್ಲಿ ಸುರುಳಿಗೆ ಜಾಗವೇ ಇಲ್ಲ.

ಒಂದೇ ಒಂದು ವಿಷಯ ಹೊಂದುತ್ತಿಲ್ಲ. ಕೊಳವೆಯ ನಡುವೆ ಅಳೆದರೆ ಅವು ದೂರವೇ ಇರಬೇಕು, ಅಲ್ಲಿ ತಳ್ಳಾಟವೇ ಹೆಚ್ಚು. ನೀನು ಅಳೆದದ್ದು ಎಲ್ಲಿ?

ನಿರ್ದೇಶಕರಿಗೆ ಎಲ್ಲವನ್ನೂ ಬರೆದು ಹೆಸರು ಹಾಕಿ ಇಂದೇ ಕಳಿಸುತ್ತಿದ್ದೇನೆ. ಕಾಲು ಹಿಡಿದುಕೊಳ್ಳುತ್ತೇನೆ, ಗೋಡೆಯನ್ನು ಮಾತ್ರ ಉಜ್ಜಿಸಬೇಡ. ಸಮಿತಿಯವರು ಆ ಬಳ್ಳಿಯನ್ನು ಕಣ್ಣಾರೆ ನೋಡಲಿ.

ಬುಗುರಿ


ಅಕ್ಟೋಬರ್ ೨೦

ನಿಮ್ಮ ಹೆಂಡತಿಗೆ ಮಾತ್ರ ತಿಳಿಸಲು:

ಅವಳು ಕೇಳಿದ ಉಣ್ಣೆಯ ನೂಲು ಕಳಿಸಿದ್ದೇನೆ. ನಾವು ಚೆನ್ನಾಗಿದ್ದೇವೆ. ಮೂರು ದಿನದಿಂದ ನಾನೂ ವೆಲ್ಡರೂ ಕೊಳವೆಯೊಳಗೆ ಮಲಗಿಕೊಂಡು ಉಜ್ಜುತ್ತಿದ್ದೇವೆ. ಒಂದೇ ಒಂದು ಕಪ್ಪು ಗೆರೆ ಉಳಿದಿಲ್ಲ, ಮುಖ ನೋಡಿಕೊಳ್ಳಬಹುದು. ಹಳೆಯದು, ಕೊಳಕು ಎಂದು ಯಾರೂ ಬೆರಳು ತೋರಿಸುವ ಹಾಗಿಲ್ಲ. ಇದನ್ನು ಬೇಕಾದವರಿಗೆ ಓದಿ ಹೇಳಬಹುದು.


ಅಕ್ಟೋಬರ್ ೨೯

ಹಾಳಾದವನೇ,

ನಿನ್ನ ಕಾಗದ ಬಂದದ್ದು ಇಪ್ಪತ್ತೇಳಕ್ಕೆ. ಸಮಿತಿ ಬಂದು ಹೋದದ್ದು ಇಪ್ಪತ್ತೈದಕ್ಕೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಲೋ ಎನ್ನುವ ಬದಲು ‘ಉಜ್ಜಬೇಡ’ ಎಂದು ಕೂಗಿದ್ದರೆ ನಿನ್ನ ಗಂಟಲೇನು ಸವೆಯುತ್ತಿತ್ತೇ? ನಾನಾದರೂ ಒಂದು ಮಾತು ಕೇಳಿ ಇಟ್ಟಿದ್ದರೆ ಏನಾಗುತ್ತಿತ್ತು?

ಸಮಿತಿಯವರು ಐದು ಜನ. ಕೊಳವೆಯೊಳಗೆ ಬಗ್ಗಿ ನೋಡಿದರು, ತಮ್ಮ ಮುಖಗಳನ್ನು ನೋಡಿಕೊಂಡರು, ಒಬ್ಬರು ಟೈ ಸರಿಮಾಡಿಕೊಂಡರು. ನಾನು ಎಳೆಗಳು ಸೇರುತ್ತವೆ ಎಂದರೆ, “ಗುರುತು ಏನಾದ್ರೂ ಇದ್ಯಾ?” ಎಂದು ಕೇಳಿದರು. ಇರಲಿಲ್ಲ. ನನ್ನ ಎರಡು ಕೈಯಿಂದ ಉಜ್ಜಿ ಹಾಕಿದ್ದೆ. ಹೊರಡುವಾಗ ಅಧ್ಯಕ್ಷರು ಬೆನ್ನು ತಟ್ಟಿ, “ಎಷ್ಟು ಅಚ್ಚುಕಟ್ಟಾಗಿ ಇಟ್ಕೊಂಡಿದ್ದೀರಮ್ಮ, ಬಿಚ್ಚೋಕೆ ಕಷ್ಟವೇ ಆಗಲ್ಲ” ಎಂದರು. ಡಿಸೆಂಬರ್ ಒಂದಕ್ಕೆ ಬಿಚ್ಚುತ್ತಾರೆ. ನಾನು ಅಲ್ಲೇ ಪಂಪಿನ ಮೇಲೆ ಕೂತುಬಿಟ್ಟೆ.

ಈಗ ನಿನ್ನ ಪ್ರಶ್ನೆ. ಎಲ್ಲಿ ಅಳೆದೆ ಎಂದು ಕೇಳಿದ್ದೀಯ. ಕೊಳವೆಗೆ ಮೂರು ಕಿಂಡಿಗಳಿವೆ. ತುದಿಯಲ್ಲಿ ಕಾಳುಮೆಣಸಿನಷ್ಟು ತಂತಿಸುರುಳಿ ಇರುವ ಗಾಜಿನ ಕಡ್ಡಿಯನ್ನು ಅವುಗಳಿಂದ ಒಳಗೆ ಇಳಿಸಿ ಅಳೆಯುತ್ತೇವೆ. ಎರಡು ವರ್ಷದ ಹಿಂದೆ ನಡುಕಿಂಡಿಯಿಂದ ಗಾಳಿ ಸೋರುತ್ತಿತ್ತು. ನಾನು ಸಿಟ್ಟಿನಲ್ಲಿ ಬೋಲ್ಟುಗಳನ್ನು ಬಿಗಿದೆ, ಎಷ್ಟು ಬಿಗಿದೆನೆಂದರೆ ಇವತ್ತಿಗೂ ಯಾರಿಂದಲೂ ಬಿಚ್ಚಲಾಗಿಲ್ಲ. ಯಂತ್ರ ಕೆಟ್ಟಿದೆ ಎನ್ನಲು ನೆಪ ಹುಡುಕುವವರಿಗೆ ಅದನ್ನು ಯಾಕೆ ಹೇಳಲಿ ಎಂದು ಸುಮ್ಮನಿದ್ದೆ. ನಿನಗೂ ಹೇಳಲಿಲ್ಲ. ನಾನು ಅಳೆದದ್ದೆಲ್ಲ ತಟ್ಟೆಯ ಪಕ್ಕದ ಕಿಂಡಿಯಿಂದ, ಎಳೆಗಳ ತುದಿಯಲ್ಲಿ.

ಅಂದರೆ ನೀನು ನಡುವಿನದನ್ನು ಲೆಕ್ಕ ಹಾಕಿ ದೂರ ಎಂದೆ, ನಾನು ತುದಿಯದನ್ನು ಅಳೆದು ಹತ್ತಿರ ಎಂದೆ. ಇಬ್ಬರೂ ಸರಿ. ಜೂನ್ ತಿಂಗಳಲ್ಲಿ ನೀನು ಹೋಳು ಎಂದು ಬರೆದಿದ್ದರೆ, ನಾನು ತುದಿ ಎಂದು ಬರೆದಿದ್ದರೆ, ಎರಡು ಅಂಚೆಚೀಟಿಗಳಲ್ಲಿ ಮುಗಿಯುವ ಮಾತು. ನನಗೆ ನಿನ್ನನ್ನು ಹೊಡೆಯಬೇಕು ಅನಿಸುತ್ತಿದೆ, ಆಮೇಲೆ ನನ್ನನ್ನು.

ವೆಲ್ಡರ್‌ಗೆ ಹೇಳಿದ್ದೇನೆ. ನಡುಕಿಂಡಿಯ ಬೋಲ್ಟುಗಳನ್ನು ಕತ್ತರಿಸಿ ತೆಗೆಯುತ್ತಾನೆ. ಇನ್ನು ಉಜ್ಜುವುದಿಲ್ಲ ಎಂದಾಗ ಅವನು ನನ್ನ ಮುಖವನ್ನೇ ನೋಡಿದ. “ಮೇಡಂ, ಹುಷಾರಾಗಿದ್ದೀರಾ?”

ಅಕ್ಕ

(ಅಕ್ಕ ಎಂದು ಅಭ್ಯಾಸಬಲದಿಂದ ಬರೆದೆ. ಕೋಪ ಹೋಗಿಲ್ಲ.)


ನವೆಂಬರ್ ೮

ಅಕ್ಕ,

ನಿಮ್ಮ ನಿರ್ದೇಶಕರ ಉತ್ತರ ಬಂತು. ಮೂರು ಸಾಲು. ಒಮ್ಮೆ ಕೊಟ್ಟ ಅಭಿಪ್ರಾಯವನ್ನು ಬದಲಿಸುವ ಪದ್ಧತಿ ಇಲ್ಲವಂತೆ, ಅದರಲ್ಲೂ ಬದಲಿಸುವವರು ತಮ್ಮನಾದರೆ. ತಮ್ಮನೆಂದು ಹೇಳದೆ ಕೆಡಿಸಿದ್ದನ್ನು ಹಾಗೇ ಇಟ್ಟುಕೊಂಡು, ತಮ್ಮನೆಂದು ಹೇಳಿ ಸರಿಪಡಿಸಿದ್ದನ್ನು ಕಸದಬುಟ್ಟಿಗೆ ಹಾಕಿದ್ದಾರೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸುತ್ತಿದೆ, ಅದೂ ಉಜ್ಜಿದ ಗೋಡೆಗೆ.

ಒಬ್ಬಳೇ ಎರಡು ಕಿಂಡಿಗಳಲ್ಲಿ ಕಡ್ಡಿ ಹಿಡಿಯಲು ಆಗುವುದಿಲ್ಲ. ಒಂದೇ ಶಾಟ್‌ನಲ್ಲಿ ನಡುವೆ ದೂರ, ತುದಿಯಲ್ಲಿ ಹತ್ತಿರ ಎಂದು ತೋರಿಸದಿದ್ದರೆ ಯಾರೂ ನಂಬುವುದಿಲ್ಲ. ರಜೆ ಹಾಕಿದ್ದೇನೆ. ಹದಿನೈದಕ್ಕೆ ಅಲ್ಲಿರುತ್ತೇನೆ. ಬೈಯುವುದೇನಿದ್ದರೂ ಎದುರಿಗೇ ಬೈ, ಅಂಚೆಯವನಿಗೆ ಯಾಕೆ ತೊಂದರೆ.

ತಂತಿ ಹಿಡಿದುಕೊಂಡಿರು ಎಂದರೆ ಈ ಸಲ ಹಿಡಿದುಕೊಂಡಿರುತ್ತೇನೆ.

ಬುಗುರಿ


ಡಿಸೆಂಬರ್ ೧೧

ಬುಗುರಿ,

ನೀನು ಬಿಟ್ಟುಹೋದ ವಸ್ತುಗಳು: ಒಂದು ಕಾಲುಚೀಲ, ಕನ್ನಡಕದ ಡಬ್ಬಿ, ಕೆಪಾಸಿಟರಿನ ಪೆಟ್ಟಿಗೆಯ ಮೇಲೆ ಅರ್ಧ ಲೋಟ ಚಹಾ. ಕೆಪಾಸಿಟರಿನ ಮೇಲೆ ಚಹಾ ಇಡುವವನಿಗೆ ಪ್ಲಾಸ್ಮಾ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಕೊಟ್ಟವರಾರು? ನೀನಿದ್ದ ಎರಡು ವಾರ ಹಾಲ್‌ನಲ್ಲಿ ಒಂದು ಉಪಕರಣವೂ ಅದರ ಜಾಗದಲ್ಲಿರಲಿಲ್ಲ. ವೆಲ್ಡರ್ ಮಾತ್ರ ನಿನ್ನನ್ನು ಕೇಳುತ್ತಿರುತ್ತಾನೆ. “ಆ ಸಣ್ಣ ಸಾರ್ ಇನ್ನೊಂದ್ಸಲ ಬರಲ್ವಾ?” ಕಡ್ಡಿ ಹಿಡಿದು ನೀನು ಅಲುಗದೆ ನಿಂತದ್ದನ್ನು ನೋಡಿ ಅವನಿಗೆ ಗೌರವ ಬಂದಿದೆ. ನಿನ್ನ ಮೂಗಿನ ತುದಿ ತುರಿಸುತ್ತಿತ್ತು ಎಂದು ನನಗೊಬ್ಬಳಿಗೆ ಗೊತ್ತು.

ಚಿತ್ರಗಳನ್ನು ಒಪ್ಪವಾಗಿ ಜೋಡಿಸಿದ್ದೇನೆ. ಕೊನೆಯ ದಿನದವು ಎಲ್ಲಕ್ಕಿಂತ ಸ್ಪಷ್ಟ. ನಡುಕಿಂಡಿಯಲ್ಲಿ ನಿನ್ನ ಕಡ್ಡಿ ಹೇಳುತ್ತದೆ, ಎಳೆಗಳು ದೂರ ತಳ್ಳಿಕೊಂಡು ಗೋಡೆ ಸೇರುತ್ತಿವೆ. ಅದೇ ಶಾಟ್‌ನಲ್ಲಿ ತುದಿಯ ಕಿಂಡಿಯಲ್ಲಿ ನನ್ನ ಕಡ್ಡಿ ಹೇಳುತ್ತದೆ, ಸುತ್ತಿ ಬಂದು ಬೆಸೆದುಕೊಂಡವು. ನೀನು ಹೇಳಿದ್ದು ಸರಿ, ಒಂದನ್ನೊಂದು ತಳ್ಳಿ ಬಾಗಿದ್ದರಿಂದಲೇ ಅವು ತಿರುಚಿಕೊಂಡದ್ದು, ತಿರುಚಿಕೊಂಡದ್ದರಿಂದಲೇ ತಗುಲಿದ್ದು. ಲೇಖನ ಶುದ್ಧಪ್ರತಿ ಮಾಡಿ ಕಳಿಸುತ್ತೇನೆ. ಸಹಿ ಹಾಕು. ಹಾಕುವ ಮೊದಲು ಮೊಸರಿನಲ್ಲಿ ಕಲ್ಲು ಹುಡು­ಕುವುದಿದ್ದರೆ ಹುಡುಕು, ಆದರೆ ನನಗೇ ಬರೆ, ನಿರ್ದೇಶಕರಿಗಲ್ಲ.

ಕೊಳವೆ ಹೋಯಿತು. ಒಂದನೇ ತಾರೀಖು ನೀನು ರೈಲು ಹತ್ತಿದ ಮೇಲೆ ಲಾರಿ ಬಂತು. ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದೆನಲ್ಲ, ಬಿಚ್ಚಲು ನಿಜವಾಗಿಯೂ ಕಷ್ಟವಾಗಲಿಲ್ಲ. ಹಾಲ್‌ನ ನೆಲದಲ್ಲಿ ಬೋಲ್ಟಿನ ತೂತುಗಳಿವೆ, ಅಷ್ಟೇ. ಈಗಲೂ ಬೆಳಿಗ್ಗೆ ಬಾಗಿಲು ತೆಗೆದು ಪಂಪಿನ ಗುಂಡಿಗೆ ಕೈ ಹಾಕುತ್ತೇನೆ, ಅಲ್ಲಿ ಬರೀ ಗೋಡೆ. ಭಾವ ಕ್ಲಿನಿಕ್ಕಿಗೆ ಹೋಗುವಾಗ ದಿನಾ ನನ್ನನ್ನು ಹಾಲ್‌ವರೆಗೆ ಬಿಟ್ಟು ಹೋಗುತ್ತಾರೆ. ನಿನ್ನೆ ಅಲ್ಲಿ ಕೂತು ಅತ್ತೆ. ನಿನ್ನ ಮೇಲಿನ ಕೋಪವೂ ಪೂರ್ತಿ ಹೋಗಿಲ್ಲ, ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಒಂದು ಸಾಲು ಬರೆದಿದ್ದರೆ ಅದು ಉಳಿಯುತ್ತಿತ್ತೇನೋ. ನಾನು ಒಂದು ಬೋಲ್ಟಿನ ಮಾತು ಬರೆದಿದ್ದರೂ ಉಳಿಯುತ್ತಿತ್ತೇನೋ. ಇದನ್ನು ಎಷ್ಟು ಸಲ ಲೆಕ್ಕ ಹಾಕಿದರೂ ನನ್ನ ಪಾಲು ಎಷ್ಟು, ನಿನ್ನ ಪಾಲು ಎಷ್ಟು ಎಂದು ತಿಳಿಯುತ್ತಿಲ್ಲ.

ಇದರ ಜೊತೆ ಒಂದು ಪಾರ್ಸೆಲ್ ಬರುತ್ತದೆ, ಭಾರವಿದೆ, ಕಾಲಮೇಲೆ ಬೀಳಿಸಿಕೊಳ್ಳಬೇಡ. ಲಾರಿ ಬರುವ ಮೊದಲು ವೆಲ್ಡರ್ ತಾನಾಗಿಯೇ ಕೊಳವೆಯೊಳಗೆ ತೂರಿ, ತಟ್ಟೆಯ ಪಕ್ಕದ ಗೋಡೆಯಿಂದ ಮೊಳದುದ್ದದ ತುಂಡು ಕತ್ತರಿಸಿ ತಂದುಕೊಟ್ಟ. ಅದರ ಮೇಲೆ ಬಳ್ಳಿ ಹಾಗೇ ಇದೆ. ಕೊನೆಯ ಸುತ್ತು ನೀನು ಕಡ್ಡಿ ಹಿಡಿದಿದ್ದ ಶಾಟ್‌ನದು.

ನಿನ್ನ ಹೆಂಡತಿಯ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು. ಆ ಮಹಾತಾಯಿಗೆ ಹೇಳು, ಮನೆಯಲ್ಲಿ ಏನು ಬೇಕಾದರೂ ಉಜ್ಜಲಿ, ಇದೊಂದನ್ನು ಬಿಡಲಿ.

ಕ್ಷೇಮ: ನಾವು ಇದ್ದೇವೆ. ಬೇಸಿಗೆಗೆ ಬಾ.

ಅಕ್ಕ